ಮೀನಿನ ಪೆಟ್ಟಿಗೆಯಿಂದ ಏರ್ ಸ್ಕೂಪ್, 80 ಎಚ್‌ಪಿ ವಿಮಾನದ ಎಂಜಿನ್‌ಗೆ

ಹಾಂ, ಓಡ್ತಾ ಇದೆ ಕ್ಯಾಮೆರಾ. ಹಿಂದೆ ಕೇಳ್ತಿರೋದು ಸಮುದ್ರದ ಸದ್ದಲ್ಲ, ಶೆಡ್ಡಿನ ತಗಡಿನ ಮೇಲೆ ಬೀಳ್ತಿರೋ ಮಳೆ. ಜುಲೈನಲ್ಲಿ ಕಾರವಾರ ಹೀಗೇ. ನನ್ನ ಮಾತು ಕೇಳ್ಸದಿದ್ರೆ ಸೌಂಡ್ ಸ್ವಲ್ಪ ಏರಿಸ್ಕೊಳ್ಳಿ.

ಸ್ಟ್ಯಾಂಡ್ ಮೇಲೆ ಕೂತಿರೋದು ರೋಟ್ಯಾಕ್ಸ್ 912 ಯುಎಲ್. ನಾಲ್ಕು ಸಿಲಿಂಡರು, 1211 ಸಿಸಿ, 5800 ಆರ್‌ಪಿಎಂನಲ್ಲಿ 80 ಎಚ್‌ಪಿ, ಅದೂ ಐದು ನಿಮಿಷಕ್ಕೆ ಮಾತ್ರ. ಎರಡು ಸೀಟಿನ ಮೈಕ್ರೋಲೈಟ್, ಅಂದ್ರೆ ಹಗುರ ಪುಟ್ಟ ವಿಮಾನದಲ್ಲಿ ಇರುತ್ತಲ್ಲ, ಅದೇ. ಎಲ್ಲರ ಪ್ರಶ್ನೆ ಒಂದೇ: ಮೂತಿಗೆ ದೊಡ್ಡ ಸ್ಕೂಪ್, ಅಂದ್ರೆ ಎದುರುಗಾಳಿ ಹಿಡಿದು ಎಂಜಿನ್‌ಗೆ ಕೊಡೋ ಬಾಯಿ, ಇಟ್ರೆ ಗಾಳಿ ನುಗ್ಗಿ ಪವರ್ ಜಾಸ್ತಿ ಆಗಲ್ವಾ? ಆಗುತ್ತೆ ಮಾರಾಯ್ರೆ. ಎಷ್ಟು ಅಂತ ಲೆಕ್ಕ ಹಾಕಿದ್ರೆ ನಗು ಬರುತ್ತೆ.

ಕೈಯಲ್ಲಿ ಕಾಣ್ತಿರೋದು ಗೌಂಡಿಗಳ ಲೆವೆಲ್ ಪೈಪು. ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ನೀರು ತುಂಬಿ, ಚಿಟಿಕೆ ಕುಂಕುಮ ಹಾಕಿದ್ರೆ ಒತ್ತಡ ಅಳೆಯೋ ಮಾನೋಮೀಟರ್ ಆಯ್ತು. ಒಂದು ವಾತಾವರಣದ ಒತ್ತಡ ಅಂದ್ರೆ ಸುಮಾರು 10.3 ಮೀಟರ್ ನೀರು. ಹಾಗಾಗಿ ಪೈಪಿನ ಎರಡು ಬದಿಯ ನೀರಿನ ಮಟ್ಟದಲ್ಲಿ 1 ಸೆಂ.ಮೀ. ವ್ಯತ್ಯಾಸ ಬಂದ್ರೆ ಸಾವಿರದಲ್ಲಿ ಒಂದು ಪಾಲು, 80 ಎಚ್‌ಪಿಯಲ್ಲಿ 0.08. ಗಂಟೆಗೆ 160 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಒಂದು ಹನಿ ಸೋರದೆ ಪೂರ್ತಿ ಸಿಕ್ಕರೂ 12 ಸೆಂ.ಮೀ. ಅಂದ್ರೆ ಒಂದೇ ಒಂದು ಎಚ್‌ಪಿ! ಪವರ್ ನಿಜವಾಗಿ ಬೇಕಾಗೋದು ಟೇಕಾಫ್‌ನಲ್ಲಿ, 80 ಕಿ.ಮೀ. ಆಸುಪಾಸಲ್ಲಿ. ಅಲ್ಲಿ ವೇಗ ಅರ್ಧ, ಒತ್ತಡ ಕಾಲು. 3 ಸೆಂ.ಮೀ. ಕಾಲು ಕುದುರೆ ತಗೊಂಡು ಏನು ಮಾಡ್ತೀರಿ?

ಈಗ ಇನ್ನೊಂದು ಕಡೆ ನೋಡಿ. ಕಾರ್ಬುರೇಟರ್ ಹಿಂದೆ ನೇರ ಸಿಕ್ಕಿಸಿದ ಎರಡು ಕೋನ್ ಫಿಲ್ಟರ್. ಇವು ಉಸಿರಾಡೋದು ಕೌಲಿಂಗ್, ಅಂದ್ರೆ ಎಂಜಿನ್ನಿನ ಹೊದಿಕೆಯ ಒಳಗಿನ ಬಿಸಿ ಗಾಳಿ. ಹೊರಗೆ 30 ಡಿಗ್ರಿ ಇದ್ದು ಒಳಗೆ 60 ಆದ್ರೆ ಪವರ್ ಸುಮಾರು ಶೇ. 5 ಇಳಿಯುತ್ತೆ, ನಾಲ್ಕು ಎಚ್‌ಪಿ. ಸ್ಕೂಪ್ ಕೊಡೋದು ಒಂದು, ಬಿಸಿ ಗಾಳಿ ಕಸಿಯೋದು ನಾಲ್ಕು. ನಮ್ಮೂರ ತೇವದ್ದು ಬೇರೆ ಲೆಕ್ಕ. 30 ಡಿಗ್ರಿ, ಶೇ. 80 ಆರ್ದ್ರತೆ ಇದ್ರೆ ಗಾಳಿಯಲ್ಲಿ ಶೇ. 3ಕ್ಕೂ ಜಾಸ್ತಿ ಬರೀ ನೀರಾವಿ. ಅಷ್ಟು ಆಮ್ಲಜನಕದ ಜಾಗ ಹೋಯ್ತು. ಅದಕ್ಕೆ ಯಾವ ಸ್ಕೂಪೂ ಮದ್ದಲ್ಲ.

ಇಲ್ಲಿ ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಾಪಲ್ ಯುದ್ಧನೌಕೆ ಪಕ್ಕ ನಿಂತಿದೆಯಲ್ಲ ನೌಕಾಪಡೆಯ ಹಳೇ ವಿಮಾನ ಟುಪೊಲೆವ್ 142, ಅದನ್ನ ತೋರಿಸಿ 'ಅದರ ಬಾಯಿ ನೋಡಿ ಎಷ್ಟು ದೊಡ್ಡದು' ಅಂತಾರೆ. ಅದು ಟರ್ಬೋಪ್ರಾಪ್, ಪ್ರೊಪೆಲರ್ ತಿರುಗಿಸೋದು ಟರ್ಬೈನ್, ಒಂದೊಂದು ಎಂಜಿನ್ ಹೆಚ್ಚುಕಡಿಮೆ 15,000 ಎಚ್‌ಪಿ, ಒಂದೊಂದಕ್ಕೂ ಎದುರುಬದುರು ತಿರುಗೋ ಎಂಟು ಅಲಗು. ಅದು ಹಾರೋ ವೇಗದಲ್ಲಿ ನುಗ್ಗೋ ಗಾಳಿ ನಿಜವಾದ ಆಸ್ತಿ. ನಮ್ಮದು ಸ್ಕೂಟರ್ ಇದ್ದ ಹಾಗೆ. ಆದ್ರೂ ಪ್ರೊಪೆಲರ್ ನೋಡೋದಕ್ಕಾದ್ರೂ ಒಮ್ಮೆ ಹೋಗಿ... ಅಯ್ಯೋ, ಶಾಟ್ ಮುಗೀತಾ ಬಂತು, ಅಳತೆಗೆ ಬರೋಣ.

ಇಷ್ಟೆಲ್ಲಾ ಬೈದ ಮೇಲೂ ಸ್ಕೂಪ್ ಮಾಡಲೇಬೇಕು. ತಣ್ಣನೆ ಗಾಳಿ ಒಳಗೆ ಬರೋಕೆ ಬೇರೆ ದಾರಿ ಎಲ್ಲಿದೆ? ಫುಲ್ ಥ್ರಾಟಲ್‌ನಲ್ಲಿ ಈ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 53 ಲೀಟರ್ ಗಾಳಿ ಬೇಕು. 60 ಮಿ.ಮೀ. ಬಾಯಿ ಸಾಕು, ಒಳಗೆ ಗಾಳಿ ಸೆಕೆಂಡಿಗೆ 19 ಮೀಟರ್‌ನಲ್ಲಿ ಹರಿಯುತ್ತೆ. ಬಾಯಿಯ ಅಂಚು ತಗಡು ಕತ್ತರಿಸಿದ ಹಾಗೆ ಚೂಪಾಗಿದ್ರೆ ಅಲ್ಲೇ 2 ಸೆಂ.ಮೀ. ತನಕ ಹೋಯ್ತು. 10 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿದ್ರೆ ನಷ್ಟ ಕಣ್ಣಿಗೇ ಕಾಣಲ್ಲ. ಹಿಂದೆ ಅಗಲ ಮಾಡುವಾಗ ಆತುರ ಬೇಡ, ಎರಡೂ ಬದಿ ಸೇರಿ 7 ಡಿಗ್ರಿ. 60ರಿಂದ 80 ಮಿ.ಮೀ.ಗೆ ಹೋಗೋಕೆ 16 ಸೆಂ.ಮೀ. ಉದ್ದ ಬೇಕು. ಜಾಗ ಇಲ್ಲ ಅಂತ 5 ಸೆಂ.ಮೀ.ನಲ್ಲಿ ಬಾಯಿ ತೆರೆದ್ರೆ ಗಾಳಿ ಗೋಡೆ ಬಿಟ್ಟು ಸುಳಿ ಹಾಕುತ್ತೆ, ಆಗ ಅಗಲ ಮಾಡಿದ್ದೇ ದಂಡ.

ಇಲ್ಲಿಂದ ಅನಾಹುತ ಶುರು. ಸ್ಕೂಪಿನ ಅಚ್ಚಿಗೆ ಥರ್ಮಾಕೋಲ್ ಬೇಕಿತ್ತು. ಬೈತಖೋಲ ಬಂದರಲ್ಲಿ ಮೀನಿನ ಪೆಟ್ಟಿಗೆ ಬೇಕಾದಷ್ಟು, ಬಂಗಡೆ ವಾಸನೆ ಉಚಿತ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಬೋಟೆಲ್ಲ ದಡ ಹತ್ತಿ ಫೈಬರ್ ಕೆಲಸ ನಡೀತಿರುತ್ತೆ, ಹಾಗಾಗಿ ಪಾಲಿಯೆಸ್ಟರ್ ರೆಸಿನ್ನೂ ಅಲ್ಲೇ ಸಿಕ್ತು. ಬಿಸಿ ತಂತಿಯಲ್ಲಿ ಕೊರೆದು, ಉಜ್ಜಿ ನಯ ಮಾಡಿದ ಅಚ್ಚು ಎಷ್ಟು ಚಂದ ಇತ್ತು ನೋಡಿ. ಈಗ ರೆಸಿನ್ ಹಚ್ಚಿದ ಹತ್ತು ನಿಮಿಷದ ನಂತರದ ದೃಶ್ಯ. ಅಚ್ಚು ಎಲ್ಲಿ? ತಿಂದು ಹಾಕಿದೆ! ಪಾಲಿಯೆಸ್ಟರ್ ರೆಸಿನ್ ಒಳಗೆ ಇರೋದು ಸ್ಟೈರೀನ್. ಥರ್ಮಾಕೋಲ್ ಅಂದ್ರೆ ಪಾಲಿಸ್ಟೈರೀನ್. ಒಂದರಲ್ಲಿ ಇನ್ನೊಂದು ಬೆಲ್ಲದ ಹಾಗೆ ಕರಗುತ್ತೆ. ಎರಡನೇ ಅಚ್ಚಿಗೆ ಕಂದು ಪ್ಯಾಕಿಂಗ್ ಟೇಪ್ ಸುತ್ತಿ ಹಚ್ಚಿದ್ದು ಇದು. ಟೇಪಿನ ಮಡಿಕೆಯಲ್ಲಿ ಸೂಜಿ ತೂರುವಷ್ಟು ಸಂದು ಉಳಿದಿತ್ತು, ಅಲ್ಲಿಂದ ಒಳಗೆ ಇಳಿದು ಹೊಟ್ಟೆ ಟೊಳ್ಳು ಮಾಡಿಟ್ಟಿದೆ. ಹೊರಗಿಂದ ನೋಡಿದ್ರೆ ಸರಿ ಇದೆ, ಒತ್ತಿದ್ರೆ ಹಪ್ಪಳ.

ಇಲ್ಲಿ ಇನ್ನೊಂದು ಬಗೆಯ ರೆಸಿನ್, ಎಪಾಕ್ಸಿನೇ ಗತಿ. ಎಪಾಕ್ಸಿ ಥರ್ಮಾಕೋಲನ್ನ ಮುಟ್ಟಲ್ಲ. ಆದ್ರೆ ಬೋಟಿಗೆ ಹಾಕೋ ಚೂರು ನಾರಿನ ಮ್ಯಾಟ್ ಅದರ ಜೊತೆ ಬೇಡ. ಆ ನಾರುಗಳನ್ನ ಹಿಡಿದಿಟ್ಟಿರೋ ಅಂಟು ಸ್ಟೈರೀನ್‌ಗೆ ಕರಗೋದು, ಎಪಾಕ್ಸಿಯಲ್ಲಿ ಮ್ಯಾಟ್ ಸೆಟೆದೇ ನಿಲ್ಲುತ್ತೆ. ನೇಯ್ದ ಗಾಜಿನ ಬಟ್ಟೆ, 200 ಜಿಎಸ್‌ಎಂ ಅಂದ್ರೆ ಚದರ ಮೀಟರಿಗೆ 200 ಗ್ರಾಂ ತೂಗೋದು, ನಾಲ್ಕು ಪದರ ಹಾಕಿದ್ರೆ ಹತ್ತಿರ ಹತ್ತಿರ 1 ಮಿ.ಮೀ. ದಪ್ಪ. ಮಳೆಗಾಲದ ತೇವಕ್ಕೆ ಮೇಲೆ ಜಿಡ್ಡು ಪೊರೆ ಕಟ್ಟಿದ್ರೆ ಮೊದಲು ನೀರು ಹಾಕಿ ತೊಳೀರಿ, ಆಮೇಲೆ ಉಜ್ಜಿ. ಪೂರ್ತಿ ಗಟ್ಟಿಯಾದ ಮೇಲೆ ಒಳಗಿನ ಥರ್ಮಾಕೋಲಿಗೆ ಪೆಟ್ರೋಲ್ ಹೊಯ್ದು ಕರಗಿಸೋದು, ಬಯಲಲ್ಲಿ, ಬೆಂಕಿಯಿಂದ ದೂರ. ಇನ್ನೂ ಪಾಲಿಯೆಸ್ಟರೇ ಬೇಕು ಅನ್ನೋರಿಗೆ ಒಂದು ಮಾತು: ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕೋ ಕೋಬಾಲ್ಟ್ ಮತ್ತೆ ಹಾರ್ಡನರ್‌ನ ಯಾವತ್ತೂ ನೇರ ಬೆರೆಸಬೇಡಿ, ಸಿಡಿಯುತ್ತೆ.

ಸ್ಕೂಪಿನ ಗಾಳಿಯನ್ನ ಎರಡೂ ಕಾರ್ಬುರೇಟರ್‌ಗೆ ಹಂಚೋ, ಕೌಲಿಂಗ್ ಒಳಗಿನ ಡಬ್ಬಕ್ಕೆ ಮಾತ್ರ ಎಪಾಕ್ಸಿ ಬೇಡ. ಮಾಮೂಲಿ ಎಪಾಕ್ಸಿ 50, 60 ಡಿಗ್ರಿಗೇ ಮೆತ್ತಗಾಗುತ್ತೆ. ಅದಕ್ಕೆ ಈ ಅಲ್ಯೂಮಿನಿಯಂ ತಗಡು. ಪಾಪ್ ರಿವೆಟ್ ಹೊಡೆದ್ರೆ ತುಂಡಾದ ಮೊಳೆಯ ತಲೆ ಸಡಿಲವಾಗಿ ಉದುರಬಹುದು, ಉದುರಿದ್ರೆ ನೇರ ಸಿಲಿಂಡರ್‌ಗೆ. ಫಿಲ್ಟರ್ ದಾಟಿದ ಮೇಲೆ ಪಾಪ್ ರಿವೆಟ್ ಒಂದೂ ಬೇಡ, ಬೆಸುಗೆ ಹಾಕಿಸಿ. ಫಿಲ್ಟರ್ ಕಿತ್ತರೆ 1 ಸೆಂ.ಮೀ. ಉಳಿಯುತ್ತೆ ಅನ್ನೋರು 0.08 ಎಚ್‌ಪಿಗೋಸ್ಕರ ಚಿರೆಕಲ್ಲಿನ ಕೆಂಪು ಧೂಳನ್ನ ಎಂಜಿನ್‌ಗೆ ತಿನ್ನಿಸ್ತಾರೆ. ತಳದಲ್ಲಿ 3 ಮಿ.ಮೀ. ತೂತು, ಮಳೆ ನೀರಿಗೆ. ಬೇಕಾದಾಗ ಕೌಲಿಂಗ್ ಒಳಗಿನ ಬಿಸಿ ಗಾಳಿಯನ್ನ ಡಬ್ಬಕ್ಕೆ ಬಿಡೋ ಬಾಗಿಲನ್ನ ಕಾಯಂ ಮುಚ್ಚಿಬಿಡಬೇಡಿ, ಅದು ಇರಲೇಬೇಕು. 25 ಡಿಗ್ರಿ ಇದ್ರೂ ಇಷ್ಟು ತೇವದಲ್ಲಿ ಥ್ರಾಟಲ್ ಇಳಿಸಿದಾಗ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು, ಫಿಲ್ಟರ್ ನೆನೆದು ಕಟ್ಟಿಕೊಂಡ್ರೂ ಅದೇ ಬಾಗಿಲು ಗತಿ.

ಈಗ ಸ್ಕೂಪಿನ ಪರೀಕ್ಷೆ. ಇದು ಅವರ್ಸಾ ಕಡೆಯ ಹೈವೇ, ಜೀಪಿನ ಮೂತಿಯ ಮುಂದೆ ಕೋಲು ಕಟ್ಟಿ ಸ್ಕೂಪ್ ಇಟ್ಟಿದೆ. ಮೇಲಿನ ಕ್ಯಾರಿಯರ್‌ಗೆ ಕಟ್ಟಬೇಡಿ, ಅಲ್ಲಿ ಗಾಳಿ ಜೀಪಿಗಿಂತ ಜೋರಾಗಿ ಓಡುತ್ತೆ, ಸುಳ್ಳು ಲೆಕ್ಕ. ಹಿಂದೆ ಮುಚ್ಚಿದ ಸ್ಕೂಪ್ ಅಳೆದ್ರೂ ಸುಳ್ಳೇ. ಗಾಳಿ ಹರಿಯದಿದ್ರೆ ಕೊಳಾಯಿ ಪೈಪೂ ನೂರಕ್ಕೆ ನೂರು ತೋರಿಸುತ್ತೆ. ಅದಕ್ಕೇ ಹಿಂದೆ ಬ್ಲೋವರ್‌ನ ಹೀರುವ ಬಾಯಿ. ಪಕ್ಕದಲ್ಲಿ ಗಾಳಿಗೆ ಎದುರಾಗಿ ಒಂದು ಬರಿ ನಳಿಗೆ, ಎರಡರ ನಡುವೆ ಲೆವೆಲ್ ಪೈಪು. ವ್ಯತ್ಯಾಸವೇ ನಷ್ಟ. ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ ಅಳೀರಿ. ಎದುರಿಂದ 20 ಕಿ.ಮೀ. ಗಾಳಿ ಇದ್ರೆ 80ರಲ್ಲಿ 2.9 ಬರಬೇಕಾದ ಒತ್ತಡ 4.5 ಸೆಂ.ಮೀ. ಆಗುತ್ತೆ, ಬೆನ್ನಿಗೆ ಬಿದ್ರೆ 1.6.

ಕೊನೆಗೆ ಈ ಸಣ್ಣ ನಳಿಗೆ, ಫ್ಲೋಟ್ ಬೌಲ್‌ನ ವೆಂಟ್, ಅಂದ್ರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲಿನ ಗಾಳಿಕಿಂಡಿ. ಡಬ್ಬಕ್ಕೆ ಒತ್ತಡ ಕೊಟ್ಟು ಇದನ್ನ ಕೌಲಿಂಗ್ ಒಳಗೆ ನೇತಾಡಲು ಬಿಟ್ರೆ ಪೆಟ್ರೋಲ್ ತಳ್ಳುವ ಒತ್ತಡ ಕಮ್ಮಿ, ಮಿಶ್ರಣ ತೆಳು, ಎಂಜಿನ್ ಬಿಸಿ. ಎರಡೂ ಕಾರ್ಬುರೇಟರ್‌ನ ವೆಂಟ್ ಡಬ್ಬಕ್ಕೇ ಸೇರಬೇಕು, ಅದೂ ಗಾಳಿ ನೇರ ಹೊಡೆಯದ ಮೂಲೆಗೆ. ಮತ್ತೆ, ಇದು ಸ್ಟ್ಯಾಂಡ್ ಮೇಲಿನ ಎಂಜಿನ್. ಸರ್ಟಿಫೈಡ್ ವಿಮಾನಕ್ಕೆ ಹೀಗೆ ಕೈ ಹಾಕೋಕೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು.

ಓ, ಮಳೆ ಅಡ್ಡ ಹೊಡೀತಿದೆ, ಬ್ಲೋವರ್ ಹೊರಗೇ ಇದೆ, ತಡೀರಿ...