ಒಂದು ದಾರದ ಟಿಕೆಟ್

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಮಸ್ಕತ್‌ನಲ್ಲಿರುವ ನನ್ನ ತಂಗಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ ವಿಮಾನ ಹೊಸದು, ಹಾಗಾಗಿ ನಾನೂ ಜೊತೆಗೆ ಹೊರಟೆ. ನಮಗೆ ಬೇಕಾದ ದಿನ ಮಂಗಳೂರಿನಿಂದ ನೇರ ವಿಮಾನ ಇರಲಿಲ್ಲ. ಮುಂಬೈ ಮೇಲೆ ಹೋಗಬೇಕಿತ್ತು. ಒಂದು ರಾತ್ರಿ ಮೊಬೈಲ್ ಹಿಡಿದು ಕೂತು ಟಿಕೆಟ್ ಹುಡುಕಿದೆ. ಮುಂಬೈವರೆಗೆ ಒಂದು ಕಂಪನಿ, ಅಲ್ಲಿಂದ ಮಸ್ಕತ್‌ಗೆ ಇನ್ನೊಂದು ಕಂಪನಿ. ಹೀಗೆ ಬೇರೆ ಬೇರೆ ತೆಗೆದುಕೊಂಡರೆ ಇಬ್ಬರದ್ದೂ ಸೇರಿ ಐದು ಸಾವಿರ ರೂಪಾಯಿ ಉಳಿಯುತ್ತಿತ್ತು. ನಡುವೆ ನಾಲ್ಕು ಗಂಟೆ ಬಿಡುವು. ಅಷ್ಟು ಸಾಕಲ್ವಾ ಎಂದುಕೊಂಡು ಹಣ ಕಟ್ಟಿಬಿಟ್ಟೆ.

ಹೊರಟದ್ದು ಜುಲೈ ತಿಂಗಳಲ್ಲಿ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಇರುವುದು ಗುಡ್ಡದ ತಲೆಯ ಮೇಲೆ. ಮಳೆಗಾಲದಲ್ಲಿ ಮೋಡ ರನ್‌ವೇಗೇ ಬಂದು ಕೂರುತ್ತದೆ. ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಮೇಲೆ ಸುತ್ತು ಹೊಡೆದು, ಇಳಿಯಲು ಆಗದೆ ಬೆಂಗಳೂರಿಗೆ ಹೋಯಿತು. ಮಳೆ ಬಿಟ್ಟ ಮೇಲೆ ವಾಪಸ್ ಬಂತು. ನಾವು ಮೇಲೆ ಏರುವ ಹೊತ್ತಿಗೆ ಮೂರೂಕಾಲು ಗಂಟೆ ತಡ.

ಮುಂಬೈಯಲ್ಲಿ ಇಳಿದದ್ದು ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್‌ನಲ್ಲಿ. ಮಸ್ಕತ್ ವಿಮಾನ ಹೊರಡುವುದು ಸಹಾರ್ ಕಡೆಯ ಎರಡನೇ ಟರ್ಮಿನಲ್‌ನಿಂದ. ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ದೂರ. ಬೆಲ್ಟಿನ ಮೇಲೆ ಬ್ಯಾಗ್ ಬರುವುದನ್ನು ಕಾದು, ಟ್ಯಾಕ್ಸಿ ಹಿಡಿದು ಓಡಿದೆವು. ಆದರೆ ಅಂತರರಾಷ್ಟ್ರೀಯ ವಿಮಾನದ ಕೌಂಟರನ್ನು ಹೊರಡುವ ಹೊತ್ತಿಗೆ ಒಂದು ಗಂಟೆ ಮೊದಲೇ ಮುಚ್ಚಿಬಿಡುತ್ತಾರೆ. ನಾವು ತಲುಪುವಾಗ ಅಲ್ಲಿ ಯಾರೂ ಇರಲಿಲ್ಲ. ಹುಡುಕಿ ಒಬ್ಬರನ್ನು ಹಿಡಿದೆವು. ಅವರು ಮರ್ಯಾದೆಯಿಂದಲೇ ಹೇಳಿದರು: ನಿಮ್ಮ ಮೊದಲ ವಿಮಾನ ನಮ್ಮದಲ್ಲ, ನಮ್ಮ ಲೆಕ್ಕದಲ್ಲಿ ನೀವು ನೋ-ಶೋ.

ನೋ-ಶೋ ಅಂದರೆ ಏನು ಎಂದು ಅಮ್ಮ ಕೇಳಿದರು. ಬರಲೇ ಇಲ್ಲ ಅಂತ ಅರ್ಥ ಎಂದೆ. "ನಾವು ಬಂದಿದ್ದೇವಲ್ಲ ಮಗಾ, ಬರ್ಲಿಲ್ಲ ಅಂತ ಯಾಕೆ ಬರೀತಾರೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಅಮ್ಮನ ವಾಪಸ್ ಟಿಕೆಟ್ ಮೂರು ತಿಂಗಳ ನಂತರದ್ದು. ಅದೂ ಹೋಯಿತು. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದುಕೊಂಡರೆ ಅದನ್ನು ಸಾಲಾಗಿಯೇ ಬಳಸಬೇಕು ಎಂದು ಹೆಚ್ಚಿನ ಕಂಪನಿಗಳ ಷರತ್ತು ಇರುತ್ತದೆ. ಮೊದಲ ಹಾರಾಟ ತಪ್ಪಿದರೆ ಮುಂದಿನದ್ದು ತನ್ನಷ್ಟಕ್ಕೆ ರದ್ದು. ಇದನ್ನು ಟಿಕೆಟ್ ತೆಗೆದುಕೊಳ್ಳುವಾಗ ಎಷ್ಟು ಜನ ಓದುತ್ತೇವೆ?

ಆ ರಾತ್ರಿ ಡೊಂಬಿವಲಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮೂರನೇ ದಿನಕ್ಕೆ ಸೀಟ್ ಸಿಕ್ಕಿತು. ಉಳಿಸಿದ ಐದು ಸಾವಿರದ ಎಷ್ಟೋ ಪಟ್ಟು ಖರ್ಚಾಯಿತು. ನಾವು ಮಸ್ಕತ್ ತಲುಪುವಾಗ ಮಗು ಹುಟ್ಟಿ ಒಂಬತ್ತು ಗಂಟೆ ಕಳೆದಿತ್ತು. ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿ ಇರಬೇಕು ಎಂದು ಹೊರಟಿದ್ದ ಅಮ್ಮ ಇರಲಿಲ್ಲ. ದುಡ್ಡಿನ ಲೆಕ್ಕ ಮರೆತಿದ್ದೇನೆ. ಈ ಒಂಬತ್ತು ಗಂಟೆ ಮರೆತಿಲ್ಲ.

ಅದಾದ ಮೇಲೆ ವಿಮಾನ ಟಿಕೆಟಿನ ನಿಯಮಗಳನ್ನು ಒಂದೊಂದಾಗಿ ಓದಿದೆ. ಗೊತ್ತಾದದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಇವತ್ತು ಬಂದಿದ್ದೇನೆ.

ಟಿಕೆಟಿನ ಮೇಲೆ ಆರು ಅಕ್ಷರ, ಅಂಕಿಗಳ ಒಂದು ಗುರುತು ಇರುತ್ತದಲ್ಲ, ಅದು ಪಿ.ಎನ್.ಆರ್. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವುದನ್ನು ನೀವು ನೋಡಿರಬಹುದು. ಹೂವು ಹೂವಿಗೆ ಸೇರಿ ನಿಲ್ಲುವುದು ಆ ನಾರಿನಿಂದ. ಪಿ.ಎನ್.ಆರ್. ಅಂಥದ್ದೇ. ಎರಡು ವಿಮಾನಗಳು ಒಂದೇ ಬುಕಿಂಗ್‌ನಲ್ಲಿ ಇದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಮುಂದೆ ಕಳಿಸುವ ಜವಾಬ್ದಾರಿ ಕಂಪನಿಯದ್ದು. ಬ್ಯಾಗ್ ಕೂಡ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ನಾವೇ ಬೇರೆ ಬೇರೆ ಎರಡು ಟಿಕೆಟ್ ತೆಗೆದುಕೊಂಡರೆ ಆ ನಾರು ಇಲ್ಲ. ಎರಡು ತುಂಡು ಹೂವನ್ನು ಒಂದೇ ಬುಟ್ಟಿಯಲ್ಲಿ ಇಟ್ಟಂತೆ. ಸೇರಿದ ಹಾಗೆ ಕಾಣುತ್ತದೆ, ಅಷ್ಟೇ.

ಬುಕಿಂಗ್ ಆಪ್‌ಗಳು ಇನ್ನೊಂದು ಗೊಂದಲ ಮಾಡುತ್ತವೆ. ಎರಡು ಬೇರೆ ಕಂಪನಿಗಳ ಟಿಕೆಟನ್ನು ಒಂದೇ ಪ್ರಯಾಣದ ಹಾಗೆ ತೋರಿಸಿ, ಒಂದೇ ಸಲ ಹಣ ಕಟ್ಟಿಸಿಕೊಳ್ಳುತ್ತವೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಎಂದಿರುತ್ತದೆ. ಅಂದರೆ ಬ್ಯಾಗ್ ನೀವೇ ಇಳಿಸಿಕೊಂಡು, ನೀವೇ ಮತ್ತೆ ಚೆಕ್-ಇನ್ ಮಾಡಬೇಕು. ದೇಶದೊಳಗೆ ಇದು ಓಡಾಟದ ಕಷ್ಟ ಮಾತ್ರ. ಹೊರದೇಶದಲ್ಲಿ ಹಾಗಲ್ಲ. ಬ್ಯಾಗ್ ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಬೇಕು. ದಾಟಲು ಆ ದೇಶದ ವೀಸಾ ಬೇಕಾಗಬಹುದು. ಲಂಡನ್ ಮೇಲೆ ಹೋಗುವಾಗ ಹೀಗೆ ಟಿಕೆಟ್ ತೆಗೆದುಕೊಂಡು, ಬೇಕಾದ ವೀಸಾ ಇಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ನಿಮ್ಮನ್ನು ತಡೆಯುತ್ತಾರೆ. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸುವಾಗ ದಯವಿಟ್ಟು ಇದನ್ನು ನೋಡಿ.

ಒಂದೇ ಬುಕಿಂಗ್‌ಗೆ ಕಾನೂನು ಎಷ್ಟು ಬೆಲೆ ಕೊಡುತ್ತದೆ ಎಂಬುದಕ್ಕೆ ಯುರೋಪಿನ ಒಂದು ಪ್ರಕರಣ ಹೇಳುತ್ತೇನೆ. ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪಾವ್ಲೊ ಮೇಲೆ ಪರಾಗ್ವೆಯ ಅಸುನ್ಸಿಯಾನ್‌ಗೆ ಒಬ್ಬರು ಒಂದೇ ಬುಕಿಂಗ್‌ನಲ್ಲಿ ಹೊರಟಿದ್ದರು. ಮೊದಲ ವಿಮಾನ ತಡವಾದದ್ದು ಸುಮಾರು ಎರಡೂವರೆ ಗಂಟೆ. ಆದರೆ ಮುಂದಿನವು ತಪ್ಪಿ ಕೊನೆಯ ಊರು ಮುಟ್ಟುವಾಗ ಹನ್ನೊಂದು ಗಂಟೆ ತಡ. 2013ರಲ್ಲಿ ಯುರೋಪಿನ ಉನ್ನತ ನ್ಯಾಯಾಲಯ, ತಡವನ್ನು ಕೊನೆಯ ಊರಿನಲ್ಲಿ ಅಳೆಯಬೇಕು ಎಂದಿತು. ಅಲ್ಲಿನ 2004ರ ನಿಯಮದ ಪ್ರಕಾರ, ಕಂಪನಿಯ ಕಾರಣದಿಂದ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ, ದೂರ ನೋಡಿ 600 ಯೂರೋವರೆಗೆ ಪರಿಹಾರ ಸಿಗುತ್ತದೆ. ಅದೇ ಪ್ರಯಾಣಿಕರು ಮೂರು ಬೇರೆ ಟಿಕೆಟ್ ತೆಗೆದುಕೊಂಡಿದ್ದರೆ? ಎರಡೂವರೆ ಗಂಟೆಯ ತಡಕ್ಕೆ ಪರಿಹಾರ ಸಿಗುತ್ತಿರಲಿಲ್ಲ. ಮುಂದಿನ ಟಿಕೆಟ್‌ಗಳೂ ನಷ್ಟ. ಬೆಂಗಳೂರಿನಿಂದ ಯುರೋಪಿಗೆ ಹೋಗುವವರಿಗೂ ಈ ನಿಯಮ ಅನ್ವಯಿಸುತ್ತದೆ, ಆದರೆ ವಿಮಾನ ಯುರೋಪಿಯನ್ ಒಕ್ಕೂಟದ ಕಂಪನಿಯದ್ದಾಗಿರಬೇಕು.

ಈಗ ನಮ್ಮ ದೇಶಕ್ಕೆ ಬರೋಣ. 2025ರ ಡಿಸೆಂಬರ್ ಮೊದಲ ವಾರ ನಿಮಗೆ ನೆನಪಿರಬಹುದು. ಪೈಲಟ್‌ಗಳ ಕೆಲಸದ ವೇಳೆ ಮತ್ತು ವಿಶ್ರಾಂತಿಯ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಇಂಡಿಗೋ ಅದಕ್ಕೆ ತಕ್ಕಂತೆ ಸಿಬ್ಬಂದಿಯನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಅದೇ ವಾರ ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ಇತ್ತು. ಮದುಮಕ್ಕಳು ಊರಿಗೆ ಬರಲಾಗದೆ ವಿಡಿಯೋದಲ್ಲೇ ನೆಂಟರಿಗೆ ಕೈ ಮುಗಿದರು. ವೇದಿಕೆಯ ಮೇಲೆ ಅವರ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತರು. ಆ ಸುದ್ದಿ ಓದಿದಾಗ ನನಗೆ ಡೊಂಬಿವಲಿಯ ಆ ರಾತ್ರಿ ನೆನಪಾಯಿತು.

ಇಂಥ ದಿನಗಳಲ್ಲೇ ನಮ್ಮ ಕೈ ತಪ್ಪು ಮಾಡುವುದು. ವಿಮಾನ ತಡ ಎಂದು ಸಂದೇಶ ಬರುತ್ತದೆ. ಒಂದು ಗಂಟೆ, ಆಮೇಲೆ ಮೂರು ಗಂಟೆ, ಆಮೇಲೆ ಐದು. ತಾಳ್ಮೆ ಕೆಡುತ್ತದೆ. ಆಪ್ ತೆರೆದು ಕ್ಯಾನ್ಸಲ್ ಒತ್ತಿಬಿಡುತ್ತೇವೆ. ಒತ್ತಬೇಡಿ. ಕಂಪನಿ ಇನ್ನೂ ರದ್ದು ಮಾಡಿಲ್ಲದಾಗ ನೀವು ಒತ್ತಿದರೆ ಅದು ನಿಮ್ಮ ಇಷ್ಟದಿಂದ ಮಾಡಿದ ರದ್ದು. ಕ್ಯಾನ್ಸಲೇಷನ್ ಚಾರ್ಜ್ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಕೆಲವು ಅಗ್ಗದ ಟಿಕೆಟ್‌ಗಳಲ್ಲಿ ಉಳಿಯುವುದು ತೆರಿಗೆ ಮತ್ತು ನಿಲ್ದಾಣದ ಶುಲ್ಕ ಮಾತ್ರ. ಅದೇ ಕಂಪನಿಯೇ ರದ್ದು ಮಾಡಿದರೆ ಬೇರೆ ವಿಮಾನ ಕೇಳಬಹುದು, ಅಥವಾ ಪೂರ್ತಿ ಹಣ ಕೇಳಬಹುದು. ಆರು ಗಂಟೆಗಿಂತ ಜಾಸ್ತಿ ತಡವಾಗುವ ಹಾಗಿದ್ದರೂ ಈ ಆಯ್ಕೆ ಕೊಡಬೇಕು ಎಂದು ಡಿ.ಜಿ.ಸಿ.ಎ., ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದೆ.

ಗಾಬರಿಯಲ್ಲಿ ಹೊಸ ಟಿಕೆಟ್ ಕೊಳ್ಳುವುದು ಇನ್ನೊಂದು. ಸಾವಿರಾರು ಜನ ಅದೇ ಹೊತ್ತಿಗೆ ಅದನ್ನೇ ಹುಡುಕುತ್ತಿರುತ್ತಾರೆ. ದರ ನೋಡುನೋಡುತ್ತಲೇ ಏರುತ್ತದೆ. ಆ ಡಿಸೆಂಬರ್‌ನಲ್ಲಿ ಎಷ್ಟು ಏರಿತೆಂದರೆ ಸರ್ಕಾರವೇ ಮಿತಿ ಹಾಕಬೇಕಾಯಿತು. 500 ಕಿಲೋಮೀಟರ್ ಒಳಗೆ 7,500 ರೂಪಾಯಿ, 1,000 ಕಿಲೋಮೀಟರ್‌ವರೆಗೆ 12,000, 1,500ರವರೆಗೆ 15,000, ಅದಕ್ಕೂ ಮೇಲೆ 18,000. ಮಿತಿ ಬಂದದ್ದು ಡಿಸೆಂಬರ್ 6ಕ್ಕೆ. ಅಷ್ಟರೊಳಗೆ ಎಷ್ಟೋ ಜನ ಸಾಲ ಮಾಡಿಯಾದರೂ ಕೊಂಡಾಗಿತ್ತು.

ಮೊದಲು ಹಳೆ ಟಿಕೆಟ್ ಹಿಡಿದೇ ಕೇಳಿ. ಕೇಳುವ ರೀತಿಯೂ ಮುಖ್ಯ. ಕೌಂಟರಿನ ಮುಂದೆ ಸಾಲು ಉದ್ದ ಇರುತ್ತದೆ, ಅಲ್ಲಿರುವ ಹುಡುಗ ಹುಡುಗಿಯರು ಬೆಳಗ್ಗಿನಿಂದ ಬೈಸಿಕೊಂಡಿರುತ್ತಾರೆ. ಸಾಲಿನಲ್ಲಿ ನಿಂತೇ ಅದೇ ಕಂಪನಿಯ ಬೇರೆ ವಿಮಾನಗಳನ್ನು ಮೊಬೈಲಿನಲ್ಲಿ ನೋಡಿ. "ಸಂಜೆ ಆರರ ವಿಮಾನದಲ್ಲಿ ಸೀಟ್ ಕಾಣ್ತಿದೆ, ನನ್ನನ್ನು ಅದಕ್ಕೆ ಹಾಕಿ ಕೊಡಿ" ಎಂದು ನೇರವಾಗಿ ಹೇಳಿದರೆ ಅವರಿಗೂ ಕೆಲಸ ಸುಲಭ. ನೇರ ವಿಮಾನ ಸಿಗದಿದ್ದರೆ ಹತ್ತಿರದ ಇನ್ನೊಂದು ಊರು ಹೇಳಿ. ಮಂಗಳೂರಿಗೆ ಇಲ್ಲದಿದ್ದರೆ ಕಣ್ಣೂರು, ಹುಬ್ಬಳ್ಳಿಗೆ ಇಲ್ಲದಿದ್ದರೆ ಬೆಳಗಾವಿ.

ರೈಲನ್ನೂ ನೆನಪಿಡಿ. ಮಂಗಳೂರಿನಿಂದ ಮುಂಬೈಗೆ ಕೊಂಕಣ ರೈಲು ಇದೆ. ಮುಖ್ಯ ಕೆಲಸ ಇದ್ದರೆ ರೈಲಿನ ಒಂದು ಟಿಕೆಟ್ ಮೊದಲೇ ತೆಗೆದಿಡಿ. ಸಾಕಷ್ಟು ದಿನ ಮೊದಲೇ ರದ್ದು ಮಾಡಿದರೆ ಹೋಗುವುದು ಸ್ವಲ್ಪ ಹಣ.

ಇನ್ನೊಂದು ವಿಷಯ ಬಹಳ ಸಣ್ಣದು, ಆದರೆ ಇದನ್ನು ಗಟ್ಟಿಯಾಗಿ ಹೇಳಬೇಕು. ಟಿಕೆಟ್ ಮಾಡುವಾಗ ಯಾರ ಮೊಬೈಲ್ ನಂಬರ್ ಕೊಡುತ್ತೀರಿ? ಎಷ್ಟೋ ಸಲ ಏಜೆಂಟರು ಅವರದ್ದೇ ನಂಬರ್ ಹಾಕಿಬಿಡುತ್ತಾರೆ. ಮಗಳು ಟಿಕೆಟ್ ಮಾಡಿದರೆ ಮಗಳ ನಂಬರ್. ವಿಮಾನ ರದ್ದಾದ ಸಂದೇಶ ಅಲ್ಲಿಗೆ ಹೋಗುತ್ತದೆ. ಪ್ರಯಾಣ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಸರಿಯಾಗಿ ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದರೆ ಕಂಪನಿ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಜಾಸ್ತಿಗೆ 10,000, ಅಥವಾ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಆದರೆ ಬುಕಿಂಗ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಈ ಹಣ ಇಲ್ಲ ಎಂದು ಅದೇ ನಿಯಮದಲ್ಲಿ ಬರೆದಿದೆ. ಮಳೆ, ಮಂಜಿನಂಥ ಕಂಪನಿಯ ಕೈಮೀರಿದ ಕಾರಣ ಇದ್ದರೂ ಈ ಪರಿಹಾರ ಸಿಗುವುದಿಲ್ಲ. ಆದರೆ ತುಂಬಾ ಹೊತ್ತು ಕಾಯಿಸಿದರೆ ಊಟ ತಿಂಡಿ ಕೊಡಬೇಕು. ಕೇಳಿ ಪಡೆಯಿರಿ, ಸಂಕೋಚ ಬೇಡ.

ಆಪ್‌ನಲ್ಲಿ ಮಾಡಿದ ಟಿಕೆಟಿನ ಹಣ ವಾಪಸ್ ಬರುವಾಗ ಒಂದು ಓಡಾಟ ಶುರುವಾಗುತ್ತದೆ. ಕಂಪನಿ ಆಪ್‌ನವರನ್ನು ಕೇಳಿ ಎನ್ನುತ್ತದೆ. ಆಪ್‌ನವರು ಕಂಪನಿಯಿಂದ ಬಂದಿಲ್ಲ ಎನ್ನುತ್ತಾರೆ. ಏಜೆಂಟರು ಕಂಪನಿಯ ಪ್ರತಿನಿಧಿಗಳೇ, ಹಾಗಾಗಿ ಹಣ ಕೊಡಿಸುವ ಹೊಣೆ ವಿಮಾನ ಕಂಪನಿಯದ್ದು ಎಂದು ಡಿ.ಜಿ.ಸಿ.ಎ. ಹೇಳಿದೆ. ಈ ಮಾತನ್ನು ಕಂಪನಿಗೆ ಬರೆದು ಕಳಿಸಿ. ಆಗದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಿ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ.

ಆದರೆ ಕಂಪನಿಯ ಫೋನ್ ನಂಬರನ್ನು ಸುಮ್ನೆ ಇಂಟರ್‌ನೆಟ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ಗಾಬರಿಯಲ್ಲಿರುವ ಪ್ರಯಾಣಿಕರಿಗೆ ಅಂತಲೇ ಮೋಸಗಾರರು ಸುಳ್ಳು ನಂಬರ್ ಹಾಕಿರುತ್ತಾರೆ. ರಿಫಂಡ್ ಕೊಡುತ್ತೇವೆ, ಈ ಆಪ್ ಹಾಕಿಕೊಳ್ಳಿ, ಓ.ಟಿ.ಪಿ. ಹೇಳಿ ಎನ್ನುತ್ತಾರೆ. ಖಾತೆ ಖಾಲಿ. ಟಿಕೆಟಿನ ಮೇಲೆ ಅಚ್ಚಾಗಿರುವ ನಂಬರಿಗೇ ಮಾಡಿ. ಮೋಸ ಆಗಿಯೇ ಹೋದರೆ ಒಂದು ನಿಮಿಷವೂ ಕಾಯದೆ 1930ಕ್ಕೆ ಕರೆ ಮಾಡಿ.

ಅಮ್ಮ ಮೂರು ತಿಂಗಳು ಮಸ್ಕತ್‌ನಲ್ಲಿದ್ದರು. ವಾಪಸ್ ಬರಲು ಹೊಸ ಟಿಕೆಟ್ ಮಾಡಿದೆ. ಈ ಸಲ ನೇರ ವಿಮಾನ, ಮಸ್ಕತ್‌ನಿಂದ ಮಂಗಳೂರಿಗೆ. ನಂಬರ್ ಕೇಳುವ ಜಾಗದಲ್ಲಿ ಅಮ್ಮನದ್ದೇ ಹಾಕಿದೆ. ಬರುವ ದಿನ ನಾನು ಕಾರಿನ ಕೀಲಿ ಕೈಗೆ ತೆಗೆದುಕೊಳ್ಳುತ್ತಿದ್ದೆ. ಅಮ್ಮನ ಫೋನ್ ಬಂತು. "ಎರಡು ಗಂಟೆ ಲೇಟಂತೆ, ನನಗೆ ಮೆಸೇಜ್ ಬಂದಿದೆ. ನೀನು ಈಗಲೇ ಬಜಪೆಗೆ ಹೋಗಿ ಮಳೆಯಲ್ಲಿ ನಿಲ್ಲಬೇಡ. ಊಟ ಮಾಡಿ ಬಾ" ಎಂದರು.

ನಮಸ್ಕಾರ.