ಪಕ್ಕದವರ ಸಂಬಳ ಎಷ್ಟು ಅಂತ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾಶುವಲ್, ಅಂದರೆ ಕಾಯಂ ಅಲ್ಲದ, ಕೆಲಸ ಮಾಡುವ ಕನ್ನಡಿಗರು, ಅವರ ಮನೆಯವರು ಈಗ ರೇಡಿಯೋ ಹಾಕಿಕೊಂಡು ಕೂತಿರಬಹುದು. ಇವತ್ತಿನ ಮಾತು ನಿಮಗಾಗಿಯೇ. ಕಾರ್ಮಿಕ ಕಾನೂನಿನಲ್ಲಿ ಹೇಳುವುದಕ್ಕೆ ನೂರು ವಿಷಯ ಇವೆ. ನಾನು ಹೇಳುವುದು ಒಂದೇ. ನಿಮ್ಮದೇ ಶಿಫ್ಟ್‌ನಲ್ಲಿ, ನಿಮ್ಮಂಥದೇ ಟ್ರಕ್ ಓಡಿಸುವ ಕಾಯಂ ನೌಕರರಿಗೆ ಎಷ್ಟು ಸಂಬಳ ಬರುತ್ತದೆ ಅಂತ ಕೇಳಿ.

ಯಾಕೆ ಕೇಳಬೇಕು? ಗಣಿ ನಡೆಸುವ ಕಂಪನಿ ಒಂದು, ನಿಮ್ಮನ್ನು ಆ ಗಣಿಗೆ ಕೆಲಸಕ್ಕೆ ಕಳಿಸಿ ಸಂಬಳ ಕೊಡುವ ಲೇಬರ್ ಹೈರ್ ಕಂಪನಿ ಇನ್ನೊಂದು. ಗಣಿಯ ಕಾಯಂ ನೌಕರರಿಗೆ ಅಲ್ಲಿನ ಒಪ್ಪಂದದ ಸಂಬಳ. ನಿಮಗೆ ಲೇಬರ್ ಹೈರ್ ಕಂಪನಿಯ ಬೇರೆ ಒಪ್ಪಂದ, ಬೇರೆ ಸಂಬಳ. ಹಾಕಿಕೊಳ್ಳುವ ಹೆಲ್ಮೆಟ್ ಒಂದೇ, ಕುಡಿಯುವ ಧೂಳೂ ಒಂದೇ.

"ಕ್ಯಾಶುವಲ್ ಅಂದ್ರೆ 25% ಜಾಸ್ತಿ ಕೊಡ್ತಾರೆ, ಅಲ್ವಾ ಮೇಡಂ?" ಅಂತ ಬಹಳ ಜನ ನನ್ನನ್ನು ಕೇಳುತ್ತಾರೆ. ಯಾವುದರ ಮೇಲೆ 25%? ಅದನ್ನು ಯಾರೂ ಕೇಳುವುದಿಲ್ಲ! ಸುಮ್ನೆ ಒಂದು ಲೆಕ್ಕ ಹಾಕೋಣ. ಕಾಯಂ ನೌಕರನಿಗೆ ಗಂಟೆಗೆ 40 ಡಾಲರ್. ನಿಮಗೆ ಮೂಲ ದರ 30. ಅದಕ್ಕೆ 25% ಸೇರಿಸಿದರೆ ಮೂವತ್ತೇಳೂವರೆ. ಇನ್ನೂ ಕಡಿಮೆಯೇ. ಅವನಿಗೆ ಸಂಬಳದ ರಜೆ ಇದೆ, ಕಾಯಿಲೆ ಬಿದ್ದರೆ ದುಡ್ಡು ಬರುತ್ತದೆ. ನಿಮಗೆ ಎರಡೂ ಇಲ್ಲ.

ಈಗ ಸ್ಕೀನ್ ಅವರ ಕಥೆ ಹೇಳಲೇಬೇಕು. ಪಾಲ್ ಸ್ಕೀನ್, ಡಂಪ್ ಟ್ರಕ್ ಡ್ರೈವರ್. ವರ್ಕ್‌ಪ್ಯಾಕ್ ಅನ್ನುವ ಲೇಬರ್ ಹೈರ್ ಕಂಪನಿಯ ಮೂಲಕ 2010ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲೆರ್ಮಾಂಟ್ ಗಣಿಗೆ ಸೇರಿದರು. ಕಾಗದದ ಮೇಲೆ ಅವರು ಕ್ಯಾಶುವಲ್. ಅಂದರೆ ಬೇಕಾದಾಗ ಕರೆಯುವುದು, ಬೇಡವಾದಾಗ ಬಿಡುವುದು. ಆದರೆ ನಡೆದದ್ದೇನು? ಏಳು ದಿನ ಕೆಲಸ, ಏಳು ದಿನ ಬಿಡುವು. ಒಂದೊಂದು ಶಿಫ್ಟ್ ಹನ್ನೆರಡೂವರೆ ಗಂಟೆ. ವಿಮಾನದಲ್ಲಿ ಹೋಗಿ ಬರುವುದು, ಕ್ಯಾಂಪ್‌ನಲ್ಲಿ ಇರುವುದು. ಯಾವ ದಿನ ಯಾವ ಶಿಫ್ಟ್ ಅಂತ ಒಂದು ವರ್ಷ ಮೊದಲೇ ಬರೆದಿಟ್ಟ ರೋಸ್ಟರ್! ಒಂದು ವರ್ಷ ಮೊದಲೇ ಗೊತ್ತಿರುವ ಕೆಲಸವನ್ನು ಕ್ಯಾಶುವಲ್ ಅನ್ನುವುದು ಹೇಗೆ, ನೀವೇ ಹೇಳಿ. 2012ರಲ್ಲಿ ಕೆಲಸ ಮುಗಿಯಿತು. ರಜೆಯ ಹಣ ಕೊಡಿ ಅಂತ ಅವರು ಕೇಳಿದರು. ನೀನು ಕ್ಯಾಶುವಲ್, ನಿನಗೆಂಥ ರಜೆ ಅನ್ನುವುದು ಕಂಪನಿಯ ವಾದ. ಅವರು ಬಿಡಲಿಲ್ಲ. ಒಂದು ಕೋರ್ಟ್, ಅಲ್ಲಿಂದ ಮೇಲಿನ ಕೋರ್ಟ್. ಕೊನೆಗೆ 2018ರ ಆಗಸ್ಟ್‌ನಲ್ಲಿ ಫೆಡರಲ್ ಕೋರ್ಟ್‌ನ ಪೂರ್ಣ ಪೀಠ ಹೇಳಿತು: ಈತ ಕ್ಯಾಶುವಲ್ ಅಲ್ಲ, ರಜೆಯ ಹಣ ಕೊಡಬೇಕು. ಒಬ್ಬ ಟ್ರಕ್ ಡ್ರೈವರ್ ಕೇಳಿದ ಒಂದು ಪ್ರಶ್ನೆಗೆ ಇಡೀ ದೇಶದ ಕಂಪನಿಗಳು ಬೆಚ್ಚಿದವು. ಈ ತೀರ್ಪನ್ನು ಎಷ್ಟು ಸಲ ಓದಿದರೂ ನನಗೆ ಬೇಸರ ಬರುವುದಿಲ್ಲ.

ಕಥೆ ಅಲ್ಲಿಗೇ ನಿಲ್ಲಲಿಲ್ಲ, ಬೇಗ ಹೇಳಿಬಿಡುತ್ತೇನೆ. ಯಾರು ಕ್ಯಾಶುವಲ್ ಅನ್ನುವುದರ ಬಗ್ಗೆ 2021ರಲ್ಲಿ ಕಾನೂನು ಬದಲಾಯಿತು. ಅದೇ ವರ್ಷ ಇನ್ನೊಬ್ಬ ಗಣಿ ಕಾರ್ಮಿಕರ ಕೇಸಿನಲ್ಲಿ ಹೈಕೋರ್ಟ್, ಅಂದರೆ ಇಲ್ಲಿನ ಅತ್ಯುನ್ನತ ಕೋರ್ಟ್, ಕರಾರಿನಲ್ಲಿ ಬರೆದದ್ದೇ ಮುಖ್ಯ ಅಂತ ಹೇಳಿತು. ಮತ್ತೆ 2024ರ ಆಗಸ್ಟ್ 26ರಿಂದ ಹೊಸ ನಿಯಮ. ಈಗ ಕರಾರಿನ ಜೊತೆಗೆ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅನ್ನುವುದನ್ನೂ ನೋಡಬೇಕು.

ಸಂಬಳದ ವಿಷಯಕ್ಕೆ ಬಂದರೆ 2023ರ ಡಿಸೆಂಬರ್‌ನಲ್ಲಿ ಪಾಸಾದ ಕಾನೂನು ಇದೆ. ಒಂದೇ ಕೆಲಸಕ್ಕೆ ಒಂದೇ ಸಂಬಳ. ಗಣಿಯ ಒಪ್ಪಂದದಲ್ಲಿ ಇರುವ ದರವನ್ನೇ ಲೇಬರ್ ಹೈರ್‌ನವರಿಗೂ ಕೊಡಿ ಅಂತ ಫೇರ್ ವರ್ಕ್ ಕಮಿಷನ್, ಅಂದರೆ ಕೆಲಸದ ವಿವಾದಗಳನ್ನು ತೀರ್ಮಾನಿಸುವ ಇಲ್ಲಿನ ಮಂಡಳಿ, ಆದೇಶ ಮಾಡಬಹುದು. ಮೊದಲ ಆದೇಶ ಬಂದದ್ದು ಕ್ವೀನ್ಸ್‌ಲ್ಯಾಂಡ್‌ನ ಕಲೈಡ್ ಕಲ್ಲಿದ್ದಲು ಗಣಿಗೆ. 2024ರ ನವೆಂಬರ್ 1ರಿಂದ ಅದು ಜಾರಿ. ಆದರೆ ಇದು ತಾನಾಗಿ ಬರುವುದಿಲ್ಲ. ನೀವೋ ನಿಮ್ಮ ಯೂನಿಯನ್ನೋ ಅರ್ಜಿ ಹಾಕಬೇಕು. ಅರ್ಜಿ ಹಾಕುವುದಕ್ಕೆ ಮೊದಲು ಎಷ್ಟು ಕಡಿಮೆ ಸಿಗುತ್ತಿದೆ ಅಂತ ಗೊತ್ತಿರಬೇಕು. ಅದಕ್ಕೇ ಹೇಳುತ್ತಿರುವುದು, ಕೇಳಿ!

ಸಂಬಳ ಕೇಳುವುದು ಮರ್ಯಾದೆ ಅಲ್ಲ ಅಂತ ನಮ್ಮವರಿಗೆ ಸಂಕೋಚ. ಕರಾರಿನಲ್ಲಿ ಬಾಯಿ ಬಿಡಬೇಡ ಅಂತ ಬರೆದಿರುತ್ತಾರೆ ಅನ್ನುವ ಭಯ ಬೇರೆ. 2022ರ ಡಿಸೆಂಬರ್ 7ರ ನಂತರ ಮಾಡಿಕೊಂಡ ಕರಾರಿನಲ್ಲಿ ಅಂಥ ಮಾತು ನಡೆಯುವುದಿಲ್ಲ. ನೀವು ಕೇಳಬಹುದು, ಅವರು ಹೇಳಬಹುದು.

ಇನ್ನು ಒಂದೇ ನಿಮಿಷ ಇದೆಯಂತೆ. ಪೇ ಸ್ಲಿಪ್, ರೋಸ್ಟರ್ ಎಲ್ಲದರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬಾಕಿ ಹಣವನ್ನು ಆರು ವರ್ಷ ಹಿಂದಿನವರೆಗೂ ಕೇಳಬಹುದು. ಬೇಕಂತಲೇ ಕಡಿಮೆ ಕೊಡುವುದು 2025ರ ಜನವರಿ 1ರಿಂದ ಅಪರಾಧ. ಸಂಬಳದ ದೂರು ಕೇಳುವ ಸರ್ಕಾರಿ ಕಚೇರಿ ಫೇರ್ ವರ್ಕ್ ಓಂಬುಡ್ಸ್‌ಮನ್, ಅದರ ನಂಬರ್ 13 13 94. ಇಂಗ್ಲಿಷ್ ಕಷ್ಟ ಅನ್ನುವವರು ಮೊದಲು 13 14 50ಕ್ಕೆ ಫೋನ್ ಮಾಡಿ ದುಭಾಷಿ ಬೇಕು ಅಂತ ಹೇಳಿ. ಬರೆದುಕೊಂಡಿರಾ? ಇನ್ನೊಮ್ಮೆ ಹೇಳುತ್ತೇನೆ: 13 13 94. ದುಭಾಷಿಗೆ 13 14 50. ನಮಸ್ಕಾರ.