ಮೂರು ಗಿಡ್ಡ, ಒಂದು ಉದ್ದ

ಕೇಳುಗರಿಗೆ ನಮಸ್ಕಾರ. ಈ ಮೇಜಿನ ಮೇಲೆ ನಾಲ್ಕು ಸಲ ಕುಟ್ಟುತ್ತೇನೆ, ಕೇಳಿ. ಡುಂ, ಡುಂ, ಡುಂ... ಡೂಂ. ಮೂರು ಗಿಡ್ಡ, ಒಂದು ಉದ್ದ. ತಂತಿಯವರ ಮೋರ್ಸ್ ಭಾಷೆಯಲ್ಲಿ ಇದು 'ವಿ' ಅಕ್ಷರ. ವಿ ಅಂದರೆ ವಿಕ್ಟರಿ, ಗೆಲುವು. ಎರಡನೇ ಮಹಾಯುದ್ಧದಲ್ಲಿ ಬಿಬಿಸಿ ಈ ಸದ್ದನ್ನು ಯುರೋಪಿಗೆಲ್ಲ ಬಿತ್ತರಿಸುತ್ತಿತ್ತು. ಹಿಟ್ಲರನ ಹಿಡಿತದ ಊರುಗಳಲ್ಲಿ ಜನ ಕದ್ದುಮುಚ್ಚಿ ರೇಡಿಯೋಗೆ ಕಿವಿ ಹಚ್ಚುತ್ತಿದ್ದರು. ಮೊದಲು ಕೇಳುತ್ತಿದ್ದದ್ದೇ ಈ ನಾಲ್ಕು ಪೆಟ್ಟು. ಆಫ್ರಿಕಾದ ಡೋಲೊಂದರ ಮೇಲೆ ಅದನ್ನು ಬಾರಿಸಿದ ಕೈ ಜೇಮ್ಸ್ ಬ್ಲೇಡ್ಸ್ ಅವರದು.

ಬ್ಲೇಡ್ಸ್ 1901ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಹುಟ್ಟಿದರು. ಸರ್ಕಸ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದರು. ಮೂಕಿ ಚಿತ್ರಗಳಿಗೂ ಬಾರಿಸಿದರು. ಟಾಕಿ ಬಂತು, ಥಿಯೇಟರಿನ ಆ ಕೆಲಸಕ್ಕೆ ಕಲ್ಲು ಬಿತ್ತು. ಆಮೇಲೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿದರು.

ಅಲ್ಲಿ ಬಾರಿಸೋದಕ್ಕಿಂತ ಕಾಯೋದೇ ಜಾಸ್ತಿ. ಪಿಟೀಲಿನವರು ಬೆವರು ಸುರಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಇವರು ಸುಮ್ನೆ ಎಣಿಸುತ್ತಾ ನಿಂತಿರಬೇಕು. ನೂರು ಆವರ್ತ ಎಣಿಸಿ ಒಂದೇ ಒಂದು ಪೆಟ್ಟು. ಅದು ತಪ್ಪಿದರೆ ಸಭೆಗೆಲ್ಲ ಗೊತ್ತಾಗುತ್ತದೆ! ಇನ್ನು ಟಿಂಪನಿ, ನಮ್ಮ ನಗಾರಿಯ ನೆಂಟ. ಮೃದಂಗದವರು ಕಚೇರಿಗೆ ಮುಂಚೆಯೇ ಶ್ರುತಿ ಮಾಡಿಕೊಳ್ಳುತ್ತಾರೆ, ಅಲ್ವಾ? ಟಿಂಪನಿಯವರಿಗೆ ಆ ಭಾಗ್ಯ ಇಲ್ಲ. ಸುತ್ತ ಎಂಬತ್ತು ವಾದ್ಯ ಮೊರೆಯುತ್ತಿರುವಾಗಲೇ ಚರ್ಮದ ಹತ್ತಿರ ಕಿವಿ ತಂದು, ಬೆರಳಲ್ಲಿ ಮೆಲ್ಲಗೆ ತಟ್ಟಿ, ಮುಂದಿನ ಸ್ವರಕ್ಕೆ ಹದ ಮಾಡಬೇಕು.

ಇನ್ನೊಂದು ತಮಾಷೆ ಹೇಳಬೇಕು. ರ‍್ಯಾಂಕ್ ಕಂಪನಿಯ ಹಳೇ ಇಂಗ್ಲಿಷ್ ಸಿನಿಮಾಗಳ ಶುರುವಿನಲ್ಲಿ ಬರಿಮೈಯ ಪೈಲ್ವಾನನೊಬ್ಬ ಭಾರೀ ಜಾಗಟೆ ಬಾರಿಸುತ್ತಾನೆ. ಆ ಪೈಲ್ವಾನರಲ್ಲಿ ಒಬ್ಬರು ಬಾಕ್ಸರ್ ಬಿಲ್ಲಿ ವೆಲ್ಸ್. ತೆರೆಯ ಮೇಲಿನ ಜಾಗಟೆ ಕಾಗದದ್ದು, ಸದ್ದು ಬ್ಲೇಡ್ಸ್ ಅವರದು. ಸ್ಟುಡಿಯೋದಲ್ಲಿ ಚೀನಾದ ಜಾಗಟೆಯೊಂದಕ್ಕೆ ಹೊಡೆದದ್ದು ಅವರು. ಹೆಸರು ಬಂದದ್ದು ಪೈಲ್ವಾನನಿಗೆ.

ಮೇಷ್ಟ್ರಾಗಿ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕಲಿಸಿದರು. ತಾಳವಾದ್ಯಗಳ ಚರಿತ್ರೆಯ ಮೇಲೆ 1970ರಲ್ಲಿ ದಪ್ಪ ಪುಸ್ತಕ ಬರೆದರು. ರಾಕ್ ಡ್ರಮ್ಮರ್ ಕಾರ್ಲ್ ಪಾಮರ್ ಕೂಡ ಬ್ಲೇಡ್ಸ್ ಅವರ ಶಿಷ್ಯ. ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಅವರ ಕತೆ. ಸ್ಕಾಟ್ಲೆಂಡಿನ ಈ ಹುಡುಗಿಯ ಕಿವಿ ಹನ್ನೆರಡನೇ ವಯಸ್ಸಿಗೇ ಬಹುಪಾಲು ಕೇಳಿಸದಾಗಿತ್ತು. ಆಕೆಗೆ ದಾರಿ ತೋರಿದ ಹಿರಿಯರಲ್ಲಿ ಬ್ಲೇಡ್ಸ್ ಒಬ್ಬರು. ಇಂದಿಗೂ ಗ್ಲೆನಿ ವೇದಿಕೆಗೆ ಬಂದರೆ ಚಪ್ಪಲಿ ಕಳಚಿಟ್ಟೇ ಬಾರಿಸುತ್ತಾರೆ. ನೆಲದ ನಡುಕ ಅಂಗಾಲಿಗೆ ತಾಗಬೇಕಲ್ಲ.